ಹೇಳಿದ್ದಕ್ಕೆಲ್ಲ ‘ಆಗಲ್ಲ’ ಎನ್ನುವ ಮಗು: ಪಿಡಿಎ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಡಿಎ ಅಂದರೇನು?

ಪೆಥಲಾಜಿಕಲ್ ಡಿಮ್ಯಾಂಡ್ ಅವಾಯ್ಡೆನ್ಸ್ ಎಂಬ ಉದ್ದನೆಯ ಹೆಸರಿನ ಚಿಕ್ಕ ರೂಪ. ಮಾಡು ಎಂದ ಸಾಮಾನ್ಯ ಕೆಲಸದಿಂದಲೂ ವಿಪರೀತವಾಗಿ ತಪ್ಪಿಸಿಕೊಳ್ಳುವುದು ಎಂದು ಅರ್ಥ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದ್ದ ಮನಃಶಾಸ್ತ್ರಜ್ಞೆ ಎಲಿಜಬೆತ್ ನ್ಯೂಸನ್ 1980ರ ದಶಕದಲ್ಲಿ ಈ ಹೆಸರಿಟ್ಟರು. ಅವರ ಬಳಿ ಬಂದ ಮಕ್ಕಳಲ್ಲಿ ಕೆಲವರು ಆಟಿಸಂನ (ಜನರೊಂದಿಗೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಅಂದಿನ ವರ್ಣನೆಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಮಾತು ಚುರುಕು, ಕಲ್ಪನೆ ಜೋರು, ಜನರ ಜೊತೆ ಮೇಲ್ನೋಟಕ್ಕೆ ಬೆರೆಯುತ್ತಿದ್ದರು. ಆದರೆ ಮಾಡು ಎಂದ ದಿನನಿತ್ಯದ ಸಣ್ಣಪುಟ್ಟ ಕೆಲಸಗಳಿಂದಲೂ ಹೇಗಾದರೂ ಮಾಡಿ ತಪ್ಪಿಸಿಕೊಳ್ಳುತ್ತಿದ್ದರು, ಮತ್ತು ಈ ವಿಷಯದಲ್ಲಿ ಒಬ್ಬರನ್ನೊಬ್ಬರು ತುಂಬ ಹೋಲುತ್ತಿದ್ದರು.

ಹೆಸರಿನಲ್ಲಿರುವ ‘ಡಿಮ್ಯಾಂಡ್’ಗೆ ಈ ಪುಟದಲ್ಲಿ ‘ಹೇರಿಕೆ’ ಎಂಬ ಪದ ಬಳಸಿದ್ದೇವೆ. ‘ಬೇಡಿಕೆ’ ಎಂದರೆ ಮಗುವೇ ಏನೋ ಬೇಡುತ್ತಿದೆ ಎಂಬ ಅರ್ಥ ಬಂದುಬಿಡುತ್ತದೆ. ಇಲ್ಲಿ ನಡೆಯುವುದು ಅದಕ್ಕೆ ತಿರುಗುಮುರುಗು.

ಇದು ಬರೀ ಹಠ ಅಲ್ಲವೇ?

ಹಠ ಮಾಡುವ ಮಗುವಿಗೆ ಏನೋ ಬೇಕಾಗಿರುತ್ತದೆ. ಅದು ಸಿಕ್ಕಿದ ಕೂಡಲೇ ಹಠ ನಿಲ್ಲುತ್ತದೆ. ಪಿಡಿಎ ಇರುವ ಮಗು ತಾನೇ ಕೇಳಿ ಮಾಡಿಸಿಕೊಂಡ ದೋಸೆಯನ್ನೂ “ಬಾ, ತಿನ್ನು” ಎಂದ ಕ್ಷಣವೇ ತಿನ್ನಲಾರದೆ ಹೋಗಬಹುದು. ವಾರದಿಂದ ಕಾದಿದ್ದ ಪಾರ್ಕಿಗೆ ಹೊರಡುವ ಹೊತ್ತಿಗೆ ಚಪ್ಪಲಿ ಹಾಕಿಕೊಳ್ಳಲು ಆಗುವುದಿಲ್ಲ. ಮೂತ್ರಕ್ಕೆ ಅವಸರವಾಗಿದ್ದರೂ ಹೋಗದೆ ಕಾಲು ಕತ್ತರಿ ಹಾಕಿಕೊಂಡು ನಿಂತಿರುತ್ತದೆ, ಏಕೆಂದರೆ ಸ್ವಂತ ದೇಹದ ಕರೆಯೂ ಅದಕ್ಕೆ ಒಂದು ಹೇರಿಕೆಯೇ. ತನಗೇ ನಷ್ಟವಾಗುವಾಗಲೂ ತಪ್ಪಿಸಿಕೊಳ್ಳುತ್ತಿದ್ದರೆ ಅದನ್ನು ಹಠದ ಲೆಕ್ಕಕ್ಕೆ ಸೇರಿಸಬೇಡಿ.

ಒಳಗೆ ಇರುವುದು ಆತಂಕ. ಪರಿಸ್ಥಿತಿ ತನ್ನ ಕೈತಪ್ಪುತ್ತಿದೆ ಎಂಬ ಭಯ ಹುಟ್ಟಿದಾಗ ಮೈ ಅಪಾಯಕ್ಕೆ ಸ್ಪಂದಿಸಿದಂತೆ ಸ್ಪಂದಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಯೋಚನೆ ನಿಲ್ಲುತ್ತದೆ, ಓಡು ಇಲ್ಲವೇ ಎದುರುಬೀಳು ಎಂಬುದಷ್ಟೇ ಉಳಿಯುತ್ತದೆ. ಬಾಯಲ್ಲಿ ಬರುವ ಮಾತು “ಒಲ್ಲೆ” ಎಂದಿದ್ದರೂ ಆ ಹೊತ್ತಿನ ನಿಜಸ್ಥಿತಿ “ಆಗುತ್ತಿಲ್ಲ” ಎಂಬುದು.

ತಪ್ಪಿಸಿಕೊಳ್ಳುವುದು ಹೇಗೆ ಕಾಣುತ್ತದೆ?

ಮೊದಲು ಜಾಣತನದಿಂದ ಶುರುವಾಗುತ್ತದೆ. ಮಾತು ಬೇರೆಡೆ ಹೊರಳಿಸುವುದು, “ಅಮ್ಮ, ನಿನ್ನ ಬಳೆ ಎಷ್ಟು ಚೆನ್ನಾಗಿದೆ” ಎನ್ನುವುದು, “ಐದು ನಿಮಿಷ” ಎನ್ನುವುದು, “ನನ್ನ ಕೈ ಇವತ್ತು ಕೆಲಸ ಮಾಡ್ತಿಲ್ಲ” ಎನ್ನುವುದು. ಎಷ್ಟೋ ಮಕ್ಕಳು ಪಾತ್ರದೊಳಗೆ ಹೊಕ್ಕುಬಿಡುತ್ತಾರೆ: “ನಾನು ಬೆಕ್ಕು, ಬೆಕ್ಕು ಹೋಮ್‌ವರ್ಕ್ ಮಾಡಲ್ಲ.” ಇದು ಫಲಿಸದೆ, ನಾವೂ ಬಿಡದೆ ಬೆನ್ನು ಹತ್ತಿದಾಗ ಕಿರುಚಾಟ, ಬೈಗುಳ, ಒದೆತ, ಓಡಿಹೋಗುವುದು ಬರುತ್ತದೆ. ಕೆಲವರು ಇದಕ್ಕೆ ಉಲ್ಟಾ. ಸದ್ದಿಲ್ಲದೆ ಮುದುಡಿ, ಹೊದಿಕೆಯೊಳಗೆ ಸೇರಿ, ಮಾತೇ ನಿಲ್ಲಿಸುತ್ತಾರೆ. ಇಂಥ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, “ನಾಚಿಕೆ ಸ್ವಭಾವ” ಎಂದು ವರ್ಷಗಟ್ಟಲೆ ಬಿಟ್ಟಿರುವುದುಂಟು.

ಮೊದಲ ಹಂತದ ಜಾಣತನವನ್ನು ಎಚ್ಚರಿಕೆಯ ಗಂಟೆ ಎಂದು ತಿಳಿಯಿರಿ. ಬೆಕ್ಕಾದ ಮಗುವಿಗೆ “ನಾಟಕ ಸಾಕು” ಎಂದರೆ ಮುಂದಿನ ಹಂತಕ್ಕೆ ನೀವೇ ತಳ್ಳಿದಂತೆ.

ಇದು ಮಾನ್ಯತೆ ಪಡೆದ ರೋಗನಿರ್ಣಯವೇ?

ಅಲ್ಲ. ವೈದ್ಯರು ರೋಗನಿರ್ಣಯಕ್ಕೆ ಬಳಸುವ ಪಟ್ಟಿಗಳಾದ ಅಮೆರಿಕದ ಡಿಎಸ್‌ಎಂ-5ರಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲೂ ಪಿಡಿಎ ಎಂಬ ಪ್ರತ್ಯೇಕ ಹೆಸರಿಲ್ಲ. ಬ್ರಿಟನ್ನಿನಲ್ಲಿ ಇದನ್ನು ಹೆಚ್ಚಾಗಿ ಆಟಿಸಂನೊಳಗಿನ ಒಂದು ಬಗೆ ಎಂದು ನೋಡುತ್ತಾರೆ. ಇದು ಆಟಿಸಂ ಮತ್ತು ತೀವ್ರ ಆತಂಕ ಸೇರಿ ಆದದ್ದು, ಬೇರೆ ಹೆಸರು ಬೇಡ ಎನ್ನುವ ತಜ್ಞರೂ ಇದ್ದಾರೆ. ‘ಪೆಥಲಾಜಿಕಲ್’ (ರೋಗದಂಥ) ಎಂಬ ಪದವೇ ಅವಮಾನಕರ ಎಂಬ ಆಕ್ಷೇಪ ಬೇರೆ ಇದೆ, ಅದು ನ್ಯಾಯವಾದದ್ದೇ. ಅದಕ್ಕೇ ಸಂಶೋಧಕರು ‘ಎಕ್ಸ್‌ಟ್ರೀಮ್ ಡಿಮ್ಯಾಂಡ್ ಅವಾಯ್ಡೆನ್ಸ್’ ಎಂದೂ ಬಳಸುತ್ತಾರೆ.

2014ರಲ್ಲಿ ಪ್ರಕಟವಾದ ಇಡಿಎ-ಕ್ಯೂ ಎಂಬ 26 ಪ್ರಶ್ನೆಗಳ ಪಟ್ಟಿ ಇದೆ. 5ರಿಂದ 17 ವರ್ಷದ ಮಕ್ಕಳ ತಂದೆತಾಯಿ ತುಂಬಬೇಕಾದದ್ದು. ಒಟ್ಟು ಅಂಕ 78. 11 ವರ್ಷದವರೆಗೆ 50, ನಂತರ 45 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಲಕ್ಷಣಗಳು ಗಟ್ಟಿಯಾಗಿವೆ ಎಂದು ಅರ್ಥ. ಅದು ವೈದ್ಯರ ಮುಂದೆ ಮಾತು ಶುರುಮಾಡಲು ಒಳ್ಳೆಯ ಕಾಗದ, ತೀರ್ಪು ಅಲ್ಲ.

ಕರ್ನಾಟಕದಲ್ಲಿ ಯಾರಿಗೆ ತೋರಿಸಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಆಟಿಸಂ ಪರೀಕ್ಷೆ ನಡೆಯುತ್ತದೆ. ಊರಿನ ಹತ್ತಿರವೇ ಬೇಕಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಕೇಂದ್ರ, ಇದೆಯೇ ವಿಚಾರಿಸಿ. 18 ವರ್ಷದವರೆಗಿನ ಮಕ್ಕಳನ್ನು ಅಲ್ಲಿ ನೋಡುತ್ತಾರೆ.

“ನನ್ನ ಮಗುವಿಗೆ ಪಿಡಿಎ ಇದೆ” ಎಂದು ಶುರುಮಾಡಬೇಡಿ. ಹೆಸರು ಕೇಳಿರದ ವೈದ್ಯರಿದ್ದರೆ ಮಾತು ಅಲ್ಲೇ ನಿಲ್ಲುತ್ತದೆ. ಎರಡು ವಾರದ ಟಿಪ್ಪಣಿ ಒಯ್ಯಿರಿ: ಏನು ಹೇಳಿದಾಗ, ಎಷ್ಟು ಹೊತ್ತಿಗೆ, ಮಗು ಮೊದಲು ಏನು ಮಾಡಿತು, ಆಮೇಲೆ ಏನಾಯಿತು, ಶಾಂತವಾಗಲು ಎಷ್ಟು ಹೊತ್ತು ಹಿಡಿಯಿತು. ಮನೆಯಲ್ಲಿ ತೆಗೆದ ಒಂದೆರಡು ವಿಡಿಯೊ ಇರಲಿ, ಆದರೆ ಮಗುವಿನ ಮುಂದೆ ತೋರಿಸಬೇಡಿ. ಪರೀಕ್ಷಾ ಕೊಠಡಿಯಲ್ಲಿ ಈ ಮಕ್ಕಳು ಅರ್ಧ ಗಂಟೆ ಲವಲವಿಕೆಯಿಂದ ಹರಟೆ ಹೊಡೆದು ಬರುವುದೇ ಹೆಚ್ಚು.

ನಮ್ಮಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಆಟಿಸಂ ಅಳೆಯಲು ಬಳಸುವ ಐಎಸ್‌ಎಎ ಮಾಪಕದಲ್ಲಿ 40 ಅಂಶಗಳಿವೆ. 70 ಅಂಕಕ್ಕಿಂತ ಕೆಳಗಿದ್ದರೆ ಆಟಿಸಂ ಇಲ್ಲ ಎಂದೇ ಲೆಕ್ಕ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವ ಮಗು ಅಲ್ಲಿ ಕಡಿಮೆ ಅಂಕ ಪಡೆದು ಹೊರಬೀಳಬಹುದು. ಹಾಗಾದರೆ ಆತಂಕ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ), ಕಲಿಕೆಯ ತೊಂದರೆ ಇವೆಯೇ ಎಂದೂ ಪರೀಕ್ಷಿಸಲು ಕೇಳಿ. ಅಂಗವೈಕಲ್ಯ ಪ್ರಮಾಣ 40 ಶೇಕಡಾ ಮತ್ತು ಮೇಲ್ಪಟ್ಟು ಇದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ.

ಸ್ಟಾರ್ ಚಾರ್ಟ್, ಚಾಕೊಲೇಟ್, ಶಿಕ್ಷೆ ಯಾವುದೂ ನಾಟುತ್ತಿಲ್ಲ. ಯಾಕೆ?

ಬಹುಮಾನವೂ ಒಂದು ಹೇರಿಕೆ ಎಂಬುದೇ ಕಾರಣ. “ಐದು ಸ್ಟಾರ್ ಬಂದರೆ ಸೈಕಲ್” ಎಂದ ಕೂಡಲೇ ಹಲ್ಲುಜ್ಜುವ ಒಂದು ಹೇರಿಕೆಯ ಮೇಲೆ ಸ್ಟಾರ್ ಗಳಿಸುವ ಇನ್ನೊಂದು ಕೂತಿತು. ಸೋತರೆ ಸೈಕಲ್ಲೂ ಹೋಯಿತು ಎಂಬ ಭಯ ಮೂರನೆಯದು. ಹೊಸತಾದ್ದರಿಂದ ಮೂರ್ನಾಲ್ಕು ದಿನ ನಡೆಯುತ್ತದೆ, ನಂತರ ಮಗು ಚಾರ್ಟನ್ನೇ ಹರಿದು ಹಾಕುತ್ತದೆ. ಶಿಕ್ಷೆಯಂತೂ ಭಯಕ್ಕೆ ಭಯ ಸೇರಿಸುತ್ತದೆ. ‘ದಂಡಂ ದಶಗುಣಂ’ ಎನ್ನುವ ಹಿರಿಯರಿಗೆ ಇಲ್ಲಿ ಹತ್ತುಪಟ್ಟಾಗುವುದು ಗುಣವಲ್ಲ, ಆತಂಕ ಎಂದು ಹೇಳಬಹುದು. ಆಟಿಸಂ ಥೆರಪಿಗೆ ಸೇರಿಸುವ ಮೊದಲು ಅಲ್ಲಿನ ವಿಧಾನ ಕೇಳಿ. ಹೇಳಿದ್ದು ಮಾಡಿದರೆ ಬಹುಮಾನ, ಮಾಡುವವರೆಗೆ ಬಿಡುವುದಿಲ್ಲ ಎನ್ನುವಂಥದ್ದಾದರೆ ಈ ಮಗುವಿಗೆ ಬೇಡ.

ಎಲ್ಲಿಂದ ಶುರುಮಾಡಬೇಕು?

ಎಣಿಸುವುದರಿಂದ. ಮೂರು ದಿನ, ಬೆಳಗ್ಗೆ ಮಗು ಎದ್ದಾಗಿನಿಂದ ಸ್ಕೂಲ್ ವ್ಯಾನ್ ಹತ್ತುವವರೆಗೆ, ನೀವು ಮಗುವಿಗೆ ಹೇಳಿದ ಪ್ರತಿ ಮಾತಿಗೂ ಒಂದು ಗೀಟು ಹಾಕಿ. ಅಪ್ಪ ಹೇಳಿದ್ದು, ಅಜ್ಜಿ ಹೇಳಿದ್ದು, ಎಲ್ಲ ಸೇರಲಿ. ಏಳು, ಹಾಸಿಗೆ ಮಡಿಸು, ಹಲ್ಲುಜ್ಜು, ಸ್ನಾನ, ದೇವರಿಗೆ ಕೈಮುಗಿ, ಹಾಲು ಕುಡಿ, ತಿಂಡಿ, ತಲೆ ಬಾಚು, ಸಾಕ್ಸ್, ಬ್ಯಾಗು. ಇಷ್ಟೇ ಹತ್ತು. ಒಂದೊಂದನ್ನೂ ಮೂರು ಸಲ ಹೇಳಿದರೆ ಎಂಟು ಗಂಟೆಯೊಳಗೆ ಮೂವತ್ತು ಹೇರಿಕೆ.

ಆಮೇಲೆ ಮೂರು ಗುಂಪು ಮಾಡಿ. ಬಿಡಲಾಗದವು ಮೊದಲ ಗುಂಪು: ರಸ್ತೆ ದಾಟುವುದು, ಗ್ಯಾಸ್ ಒಲೆ, ಮಹಡಿಯ ಅಂಚು, ವೈದ್ಯರು ಕೊಟ್ಟ ಔಷಧ, ಇನ್ನೊಬ್ಬರಿಗೆ ಪೆಟ್ಟು ಮಾಡಬಾರದು ಎಂಬುದು. ಇವು ಐದು ದಾಟದಿರಲಿ, ದಾಟಿದರೆ ಪಟ್ಟಿ ಕೆಲಸ ಮಾಡುವುದಿಲ್ಲ. ಎರಡನೆಯದು, ಬೇರೆ ದಾರಿಯಲ್ಲಿ ಆಗಬಹುದಾದವು. ಮೂರನೆಯದು, ಸದ್ಯಕ್ಕೆ ಪೂರ್ತಿ ಕೈಬಿಡುವವು. ಹಾಸಿಗೆ ಮಡಿಸುವುದು, ಮನೆಗೆ ಬಂದವರಿಗೆ ನಮಸ್ಕರಿಸುವುದು, ತಟ್ಟೆ ಪೂರ್ತಿ ಖಾಲಿ ಮಾಡುವುದು ಇಲ್ಲಿಗೆ ಬರುತ್ತವೆ. ಕೈಬಿಡುವುದೆಂದರೆ ನೀವೇ ಮುಂಚಿತವಾಗಿ ತೀರ್ಮಾನಿಸಿ ಕೈಬಿಡುವುದು. ಹತ್ತು ನಿಮಿಷ ಜಗಳವಾಡಿ ಸೋತು ಬಿಟ್ಟರೆ ಮಗುವಿನ ಆತಂಕವೂ ಇಳಿಯುವುದಿಲ್ಲ, ನಿಮಗೆ ರಕ್ತದೊತ್ತಡ ಬೇರೆ.

ಮಗುವಿನ ಸಹನೆ ಪ್ರತಿದಿನ ಒಂದೇ ಇರುವುದಿಲ್ಲ. ನಿದ್ದೆ ಕೆಟ್ಟ ಮರುದಿನ, ಪರೀಕ್ಷೆ ವಾರ, ಮನೆಗೆ ನೆಂಟರು ಬಂದಾಗ ಕೊಡ ಆಗಲೇ ಕಂಠದವರೆಗೆ ತುಂಬಿರುತ್ತದೆ. ಅಂದು ಎರಡನೆಯ ಗುಂಪನ್ನೂ ಬಿಡಿ. ನಿನ್ನೆ ಮಾಡಿದ್ದನ್ನು ಇವತ್ತು ಯಾಕೆ ಮಾಡಲ್ಲ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ಹಾಗಾದರೆ ಮಾತಾಡುವುದು ಹೇಗೆ?

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಆಡುವ ಮಾತಿನ ಬಹುಪಾಲು ಆಜ್ಞೆಯಲ್ಲೋ ‘ಬೇಕು’ವಿನಲ್ಲೋ ಮುಗಿಯುತ್ತದೆ: ಬಾ, ತಿನ್ನು, ಹಾಕ್ಕೋ, ಬರೀಬೇಕು. ಮೆದುಗೊಳಿಸಲು “ತಿಂತೀಯಾ ಮರಿ?” ಎನ್ನುತ್ತೇವೆ, “ತಿನ್ನೋಣ್ವಾ?” ಎನ್ನುತ್ತೇವೆ, “ಜಾಣ ಅಲ್ವಾ ನೀನು” ಎನ್ನುತ್ತೇವೆ. ಈ ಮಗುವಿಗೆ ಎಲ್ಲವೂ ಒಂದೇ. ಪ್ರಶ್ನೆಗೆ ಉತ್ತರ ಕೊಡಬೇಕು, ಅದೂ ಹೇರಿಕೆ. ಜಾಣ ಎನಿಸಿಕೊಂಡರೆ ಜಾಣನಾಗಿಯೇ ಉಳಿಯಬೇಕು, ಅದೂ ಹೇರಿಕೆ. “ಅಕ್ಕ ಹೇಗೆ ತಿಂತಾಳೆ ನೋಡು” ಎಂಬುದು ಎಲ್ಲಕ್ಕಿಂತ ಕೆಟ್ಟದ್ದು.

ಇರುವುದನ್ನು ಇದ್ದ ಹಾಗೆ ಹೇಳಿ ಬಿಟ್ಟುಬಿಡುವ ವಾಕ್ಯ ಕೆಲಸ ಮಾಡುತ್ತದೆ. “ದೋಸೆ ಬಿಸಿ ಇದೆ.” “ವ್ಯಾನು ಎಂಟೂ ಹತ್ತಕ್ಕೆ ಬರತ್ತೆ.” “ಶೂ ಬಾಗಿಲ ಹತ್ರ ಇದೆ.” ‘ನೀನು’ ಎಂಬ ಪದವಿಲ್ಲ, ಕ್ರಿಯೆಯನ್ನು ಮಗುವಿನ ಮೇಲೆ ಹೊರಿಸಿಲ್ಲ. ಹೇಳಿದ ಮೇಲೆ ಆ ಕಡೆ ತಿರುಗಿ ನಿಮ್ಮ ಕೆಲಸ ಮಾಡಿ, ಎರಡು ಮೂರು ನಿಮಿಷ ಏನೂ ಹೇಳಬೇಡಿ. ಸೊಂಟಕ್ಕೆ ಕೈಯಿಟ್ಟು ಕಾಯುತ್ತ ನಿಂತರೆ ವಾಕ್ಯ ಎಷ್ಟೇ ಮೆದುವಾಗಿದ್ದರೂ ವ್ಯರ್ಥ.

ತನಗೆ ತಾನೇ ಮಾತಾಡಿಕೊಂಡಂತೆ ಹೇಳುವುದು ಇನ್ನೊಂದು ದಾರಿ: “ಈ ಲೆಕ್ಕ ಎಲ್ಲಿಂದ ಶುರು ಮಾಡೋದೋ ನಂಗಂತೂ ಗೊತ್ತಾಗ್ತಿಲ್ಲಪ್ಪ.” ಸಹಾಯ ಕೇಳಿದರೆ ಎಷ್ಟೋ ಮಕ್ಕಳು ಎದ್ದು ಬರುತ್ತಾರೆ, ಆಗ ಮೇಲುಗೈ ಅವರದ್ದಾಗಿರುತ್ತದೆ. ಸುರಕ್ಷತೆಯ ನಿಯಮಗಳಿಗೆ ಕನ್ನಡದ ‘ಅಂತೆ’ ಬಹಳ ಉಪಕಾರಿ. “ಹೆಲ್ಮೆಟ್ ಹಾಕ್ಕೋ” ಎಂದರೆ ಅಮ್ಮನಿಗೂ ಮಗುವಿಗೂ ಜಗ್ಗಾಟ. “ಹೆಲ್ಮೆಟ್ ಇಲ್ದೆ ಸ್ಕೂಟರ್ ಹತ್ತೋ ಹಾಗಿಲ್ವಂತೆ, ರೂಲ್ಸು” ಎಂದರೆ ಹೇರಿಕೆ ನಿಮ್ಮಿಂದ ಬಂದದ್ದಲ್ಲ, ಇಬ್ಬರೂ ಒಂದೇ ಕಡೆ ನಿಂತಿದ್ದೀರಿ. ಇಲ್ಲದ ನಿಯಮವನ್ನು ಹುಟ್ಟಿಸಬೇಡಿ, ಪೊಲೀಸ್ ಹಿಡೀತಾರೆ ಎಂದು ಹೆದರಿಸಬೇಡಿ. ಈ ಮಕ್ಕಳು ಸುಳ್ಳನ್ನು ಬೇಗ ಹಿಡಿಯುತ್ತಾರೆ, ಹಿಡಿದ ಮೇಲೆ ‘ಅಂತೆ’ ಮತ್ತೆ ನಡೆಯದು.

ಆಯ್ಕೆ ಕೊಡುವಾಗ ಎರಡೇ ಕೊಡಿ, ಮೂರನೆಯದಾಗಿ “ಎರಡೂ ಬೇಡ” ಎಂಬುದಕ್ಕೆ ನಿಜವಾಗಿಯೂ ಜಾಗವಿರಲಿ. ಮೆಚ್ಚುಗೆಯನ್ನು ಮುಖದ ಮುಂದೆ ಸುರಿಯಬೇಡಿ. “ಶಭಾಷ್, ನೀನೇ ಸ್ನಾನ ಮಾಡಿದೆ!” ಎಂದರೆ ನಾಳೆಯೂ ಮಾಡಬೇಕು ಎಂದಾಯಿತು. ಅಜ್ಜಿಗೆ ಫೋನಿನಲ್ಲಿ ಹೇಳುವಾಗ ಮಗುವಿನ ಕಿವಿಗೆ ಬಿದ್ದರೆ ಸಾಕು.

ಹಲ್ಲುಜ್ಜುವುದು, ಸ್ನಾನ, ಊಟ?

ಕೆಲಸ ಮುಗಿಯುವುದು ಮುಖ್ಯ, ವಿಧಾನವಲ್ಲ. ಹಲ್ಲನ್ನು ಹಾಸಿಗೆಯಲ್ಲೇ ಕೂತು ಉಜ್ಜಲಿ. ಪೇಸ್ಟಿನ ಖಾರ ತೊಂದರೆಯಾದರೆ ಪುದೀನ ಇಲ್ಲದ್ದನ್ನು ತನ್ನಿ, ಪೇಸ್ಟೇ ಬೇಡವೆಂದರೆ ಬರೀ ಬ್ರಷ್ ಆದೀತು. ದಿನಕ್ಕೆ ಒಂದು ಸಲ ಖಂಡಿತ ಆಗುವುದು ಎರಡು ಸಲದ ಜಗಳಕ್ಕಿಂತ ಮೇಲು. ಸ್ನಾನ ವಾರಕ್ಕೆ ಮೂರು ದಿನ, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತಲೆಗೆ ಎಣ್ಣೆ ನೀರು ಬೇರೆ ದಿನಕ್ಕಿರಲಿ.

ಊಟಕ್ಕೆ ಕರೆಯುವ ಬದಲು ತಟ್ಟೆಯನ್ನು ಮಗು ಆಡುವ ಕಡೆ, ಕೈಗೆಟಕುವಂತೆ ಇಟ್ಟು ಹೊರಟುಬಿಡಿ. ಚಪಾತಿ ಸುರುಳಿ, ಇಡ್ಲಿ ತುಂಡು, ಬಾಳೆಹಣ್ಣಿನಂಥ ಕೈಯಲ್ಲಿ ಹಿಡಿಯುವ ತಿನಿಸು ಇದಕ್ಕೆ ಸರಿ. ತೂಕ ಇಳಿಯುತ್ತಿದ್ದರೆ, ಅಥವಾ ತಿನ್ನುವ ಪದಾರ್ಥಗಳು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಅದು ಬೇರೆಯೇ ತೊಂದರೆ ಇರಬಹುದು.

ಮೆಲ್ಟ್‌ಡೌನ್ (ಮಗು ಹತೋಟಿ ತಪ್ಪಿ ಸಿಡಿಯುವುದು) ಆದಾಗ ಏನು ಮಾಡಬೇಕು?

ಮೊದಲು ಮಾತು ನಿಲ್ಲಿಸಿ. ಹೇಳಿದ್ದನ್ನು ವಾಪಸ್ ತಗೊಳ್ಳಿ, “ಅದು ಬೇಡ ಬಿಡು” ಎಂಬಷ್ಟೇ ಸಾಕು. ಒಬ್ಬರೇ ಹತ್ತಿರ ಇರಿ, ಉಳಿದವರು ಇನ್ನೊಂದು ಕೋಣೆಗೆ ಹೋಗಲಿ. ಎರಡು ಕೈಯಳತೆ ದೂರದಲ್ಲಿ, ಪಕ್ಕಕ್ಕೆ ತಿರುಗಿ, ಸಾಧ್ಯವಾದರೆ ನೆಲದ ಮೇಲೆ ಕೂತುಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಆದರೆ ಬೀದಿಗೆ ತೆರೆಯುವ ಬಾಗಿಲಿನ ಮೇಲಿನ ಚಿಲಕ ಹಾಕಿರಲಿ. ಗಾಜು, ಚಾಕು, ಕತ್ತರಿ ಮುಂಚಿನಿಂದಲೇ ಕೈಗೆ ಸಿಗದಂತಿರಬೇಕು, ಆ ಹೊತ್ತಿನಲ್ಲಿ ಕಸಿದುಕೊಳ್ಳಲು ಹೋದರೆ ಇಬ್ಬರಿಗೂ ಗಾಯ. ಟಿವಿ, ಮಿಕ್ಸಿ, ಟ್ಯೂಬ್‌ಲೈಟ್ ಆರಿಸಿ. ಮೈ ಹಿಡಿದು ಅದುಮುವುದು ಪ್ರಾಣಾಪಾಯ ತಪ್ಪಿಸಲು ಮಾತ್ರ.

ಕೂಗಾಟ ನಿಂತದ್ದು ಮುಗಿದದ್ದಲ್ಲ. ಒಳಗಿನ ಕಾವು ಇಳಿಯಲು ಇನ್ನೂ ಒಂದು ಗಂಟೆ, ಕೆಲವೊಮ್ಮೆ ಅರ್ಧ ದಿನ ಬೇಕು. ಅಷ್ಟರಲ್ಲಿ “ಸಾರಿ ಕೇಳು” ಎಂದರೆ ಎರಡನೆಯ ಸುತ್ತು ಖಚಿತ. ನೀರು, ತಿನ್ನಲು ಏನಾದರೂ ಪಕ್ಕದಲ್ಲಿಡಿ. ಯಾಕಾಯಿತು ಎಂಬ ವಿಚಾರಣೆ ಮರುದಿನಕ್ಕಿರಲಿ, ಅದೂ ಎದುರುಬದುರು ಕೂತಲ್ಲ, ಸ್ಕೂಟರಿನಲ್ಲೋ ಪಾತ್ರೆ ತೊಳೆಯುವಾಗಲೋ.

ಮಗು ಸಾಯುವ ಮಾತಾಡಿದರೆ ಅಥವಾ ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ತಕ್ಷಣದ ಅಪಾಯಕ್ಕೆ 112.

ಶಾಲೆಯಲ್ಲಿ ಚಿನ್ನದಂಥ ಮಗು ಎನ್ನುತ್ತಾರೆ, ಮನೆಯಲ್ಲಿ ಮಾತ್ರ ಹೀಗೆ. ತಪ್ಪು ನಮ್ಮದೇ?

ಅಲ್ಲ. ಶಾಲೆಯಲ್ಲಿ ಆರು ಗಂಟೆ ಹಲ್ಲು ಕಚ್ಚಿ ತಡೆದದ್ದು ಸುರಕ್ಷಿತ ಜಾಗಕ್ಕೆ ಬಂದು ಸಿಡಿಯುತ್ತದೆ. ವ್ಯಾನ್ ಇಳಿದ ಮೊದಲ ಒಂದು ಗಂಟೆ “ಇವತ್ತು ಏನು ಮಾಡಿದ್ರಿ?” ಎಂಬುದನ್ನೂ ಕೇಳಬೇಡಿ. ಯೂನಿಫಾರ್ಮ್ ಬದಲಿಸಲೂ ಹೇಳಬೇಡಿ.

ಶಾಲೆಯವರಿಂದ ಏನು ಕೇಳಬಹುದು?

ಒಂದು ಪುಟದ ಪತ್ರ ಕೊಡಿ, ಎರಡನೆಯ ಪುಟವನ್ನು ಯಾರೂ ಓದುವುದಿಲ್ಲ. ಮಗುವಿಗೆ ನಂಬಿಕೆಯಿರುವ ಒಬ್ಬ ಟೀಚರ್ ಹೆಸರು ಗೊತ್ತುಮಾಡಲಿ. ತರಗತಿಯಿಂದ ಕೇಳದೆ ಹೊರಗೆ ಹೋಗಲು ಒಂದು ಕಾರ್ಡ್, ಹೋಗಿ ಕೂರಲು ಲೈಬ್ರರಿಯೋ ಸ್ಟಾಫ್ ರೂಮಿನ ಮೂಲೆಯೋ ಇರಲಿ. ಇದ್ದಕ್ಕಿದ್ದಂತೆ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳದಿರಲಿ. ಹತ್ತು ಲೆಕ್ಕದಲ್ಲಿ ಯಾವ ನಾಲ್ಕು ಎಂದು ಮಗುವೇ ಆರಿಸಲಿ. ಹೋಮ್‌ವರ್ಕ್ ಒಂದು ಟರ್ಮ್ ಪೂರ್ತಿ ಬೇಡ. ಇಷ್ಟಕ್ಕೆ ಶಾಲೆಗಳು ಸುಲಭವಾಗಿ ಒಪ್ಪುವುದಿಲ್ಲ, ಆದರೆ ಮನೆಯ ಸಂಜೆಯನ್ನು ಉಳಿಸುವುದು ಇದೇ.

ಪಿಡಿಎ ಎಂಬ ಪದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ, ಆಟಿಸಂಗೆ ಇದೆ. 2016ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಇವೆರಡನ್ನೂ ಪತ್ರದ ಕೊನೆಯ ಸಾಲಿನಲ್ಲಿ ಮೆಲ್ಲಗೆ ಬರೆಯಿರಿ, ಮೊದಲ ಸಾಲಿನಲ್ಲಲ್ಲ.

ಶಾಲೆಗೆ ಹೋಗುವುದೇ ನಿಂತುಹೋಗಿದೆ.

ಎಳೆದು ವ್ಯಾನಿಗೆ ಹತ್ತಿಸುವುದನ್ನು ಇಂದೇ ನಿಲ್ಲಿಸಿ. ಮೊದಲ ಕೆಲವು ವಾರ ಪಾಠದ ಮಾತೇ ಬೇಡ, ನಿದ್ದೆ ಊಟ ಸರಿಹೋಗಲಿ. ಮಗು ತಾನಾಗಿ ಏನಾದರೂ ಕಟ್ಟಲು, ಬಿಡಿಸಲು, ಕೇಳಲು ಶುರುಮಾಡಿದ ಮೇಲೆ ಅರ್ಧ ದಿನ, ವಾರಕ್ಕೆರಡು ದಿನ ಹೀಗೆ ಶಾಲೆಯೊಂದಿಗೆ ಮಾತಾಡಿ. ವಾಪಸ್ ಆಗದಿದ್ದರೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಇದೆ. 14 ವರ್ಷ ತುಂಬಿದವರು ಅಲ್ಲಿ ಹತ್ತನೆಯ ತರಗತಿಗೆ ನೋಂದಾಯಿಸಿ, ವಿಷಯಗಳನ್ನು ಒಂದೊಂದಾಗಿ ಬರೆಯಬಹುದು. ಒಂದೇ ವಾರದಲ್ಲಿ ಆರು ಪರೀಕ್ಷೆ ಎಂಬ ಭಾರ ಇರುವುದಿಲ್ಲ.

ಅಜ್ಜಿ ತಾತ “ಮುದ್ದು ಮಾಡಿ ಕೆಡಿಸಿದ್ದೀರಿ” ಎನ್ನುತ್ತಾರೆ.

ವಾದದಿಂದ ಒಪ್ಪಿಸುವುದು ಕಷ್ಟ. ಅವರಿಗೆ ಒಂದು ಕೆಲಸ ಕೊಡಿ: ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಮಗುವಿಗೆ ಏನೂ ಹೇಳದೆ ಪಕ್ಕದಲ್ಲಿ ಕೂತು ಹೂ ಕಟ್ಟುವುದೋ ಅವರೆಕಾಯಿ ಸುಲಿಯುವುದೋ. ಮಗು ತಾನೇ ಕೈಹಾಕಿದ್ದನ್ನು ಒಮ್ಮೆ ಕಂಡರೆ ನಿಮ್ಮ ಹತ್ತು ವಿವರಣೆಗಿಂತ ಹೆಚ್ಚು. ಮದುವೆ, ಗೃಹಪ್ರವೇಶಕ್ಕೆ ಹೋದಾಗ “ಹಾಡು ಹೇಳು, ಕಾಲಿಗೆ ಬೀಳು” ಎನ್ನುವವರನ್ನು ತಡೆಯಲು ಒಬ್ಬರು ಕಾವಲಿರಲಿ. ಊಟದ ಮೊದಲ ಪಂಕ್ತಿ ಮುಗಿಸಿ ಹೊರಡಲು ಗಾಡಿ ಸಿದ್ಧವಿರಲಿ.

ಔಷಧ ಇದೆಯೇ?

ಪಿಡಿಎಗೆಂದೇ ಇಲ್ಲ. ಜೊತೆಗಿರುವ ಆತಂಕ, ಎಡಿಎಚ್‌ಡಿ, ನಿದ್ದೆಯ ತೊಂದರೆಗೆ ಮಕ್ಕಳ ಮನೋವೈದ್ಯರು ಕೊಡಬಹುದು, ಸುತ್ತಲಿನ ಒತ್ತಡ ಇಳಿಸದೆ ಬರೀ ಮಾತ್ರೆಯಿಂದ ಹೆಚ್ಚು ಆಗುವುದಿಲ್ಲ.

ಹೇರಿಕೆ ಇಳಿಸಿದ್ದೇವೆ. ಮತ್ತೆ ಏರಿಸುವುದು ಯಾವಾಗ?

ಎರಡು ಮೂರು ವಾರ ಮೆಲ್ಟ್‌ಡೌನ್‌ಗಳು ಕಡಿಮೆಯಾಗಿ, ನಗು, ತಮಾಷೆ ವಾಪಸ್ ಬಂದಾಗ. ಒಂದು ಸಲಕ್ಕೆ ಒಂದೇ ಸೇರಿಸಿ, ಅದೂ ಮಗುವಿಗೆ ಸುಲಭವಾದ ಹೊತ್ತಿನಲ್ಲಿ. ಒಂದು ವಾರ ನೋಡಿ, ನಂತರ ಇನ್ನೊಂದು. ಸತತ ಎರಡು ದಿನ ಕೆಟ್ಟರೆ ಹೊಸದನ್ನು ತೆಗೆದುಬಿಡಿ, ಹಳೆಯದನ್ನು ಮುಟ್ಟಬೇಡಿ. ಸಾಮಾನ್ಯವಾಗಿ ಕೆಡುವುದು ಇಲ್ಲೇ: ಮಗು ಒಂದು ವಾರ ಶಾಂತವಾಗಿತ್ತೆಂದು ಹಲ್ಲು, ಸ್ನಾನ, ಹೋಮ್‌ವರ್ಕ್ ಮೂರನ್ನೂ ಸೋಮವಾರವೇ ವಾಪಸ್ ತಂದು, ಬುಧವಾರ ಮತ್ತೆ ಮೊದಲ ದಿನಕ್ಕೆ ಬಂದು ನಿಲ್ಲುತ್ತೇವೆ.